ಗೋಡೆಗೆ ಒರಗಿಸಿದ ಕೋಲು

ನನ್ನ ಜೀವಮಾನದಲ್ಲಿ ನಾನು ಬರೆದದ್ದು ಒಂದೇ ಒಂದು ಕಾನೂನು. ಅದನ್ನು ಮುರಿದವರಲ್ಲಿ ಮೊದಲಿಗನೂ ಬಹುಶಃ ನಾನೇ. ಕಾನೂನು ಬರೆದು ತಾವೇ ಮುರಿಯುವವರು ದೊಡ್ಡ ಊರುಗಳಲ್ಲಿ ಇರುತ್ತಾರೆ, ಅವರಿಗೆ ಕಾರು, ಹಾರ, ಹಿಂಬಾಲಕರು ಎಲ್ಲ ಇರುತ್ತಾರೆ ಎಂದು ಕೇಳಿದ್ದೇನೆ. ನನಗೆ ಇದ್ದದ್ದು ಕೂಡ್ಲಿಗಿ ತಾಲ್ಲೂಕಿನ ಒಂದು ಸಣ್ಣ ಊರಿನ ಪ್ರಾಥಮಿಕ ಶಾಲೆಯ ಮೇಷ್ಟರಿಕೆ. ಆಮೇಲೆ ಒಂದು ಶಾಲು ಸಿಕ್ಕಿತು. ಆ ಶಾಲು ಸಿಕ್ಕಿದ ಬಗೆಯನ್ನೇ ಈಗ ಹೇಳಬೇಕಾಗಿದೆ. ಇಷ್ಟು ವರ್ಷ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಇಬ್ಬರಿಗೂ ಅನುಕೂಲವಾಗಿತ್ತು.

ಎಂಬತ್ತರ ದಶಕದ ಮೊದಲ ವರ್ಷಗಳು. ಕೊಟ್ಟೂರಿಗೆ ಹೋಗುವ ದಾರಿಯಿಂದ ಒಳಕ್ಕೆ ಎರಡು ಮೈಲಿ ನಡೆದರೆ ನಮ್ಮ ಊರು. ಒಂದೇ ಬೀದಿ, ಅದರಲ್ಲಿ ಮೂವತ್ತೈದು ಮನೆ. ಬೀದಿ ಮುಗಿದಲ್ಲಿ ಒಂದು ಓಣಿ, ಓಣಿ ದಾಟಿದರೆ ಕೇರಿ, ಅಲ್ಲಿ ಐದು ಮನೆ. ಬೀದಿಯ ಕೊನೆಯ ಮನೆಯಲ್ಲಿ ನಾನು ಬಾಡಿಗೆಗೆ ಇದ್ದೆ. ಕೇರಿಯ ಮೊದಲ ಮನೆ ನನ್ನ ಬಾಗಿಲಿಗೆ ಎದುರಾಗಿಯೇ ಇತ್ತು. ನಡುವೆ ಇದ್ದದ್ದು ಒಂದು ಎತ್ತಿನ ಗಾಡಿ ಹೋಗುವಷ್ಟು ಓಣಿ. ಅದರ ಅಗಲವನ್ನು ನಾನು ಎಷ್ಟೋ ಸಲ ಕಣ್ಣಿನಲ್ಲೇ ಅಳೆದಿದ್ದೇನೆ. ಹನ್ನೆರಡು ಹೆಜ್ಜೆಗಿಂತ ಹೆಚ್ಚಿಲ್ಲ.

ಊರ ಹಿಂದೆ ಗುಡ್ಡ. ಯಾರೋ ಅವಸರದಲ್ಲಿ ಕಲ್ಲುಗುಂಡುಗಳನ್ನು ಪೇರಿಸಿಟ್ಟು, ಜೋಡಿಸಲು ನಾಳೆ ಬರುತ್ತೇನೆ ಎಂದು ಹೋದವರು ಮರಳಿ ಬಾರದಂತಿರುವ ಗುಡ್ಡ. ಅದರ ಗವಿಗಳಲ್ಲಿ ಕರಡಿಗಳು ಇದ್ದವು. ನಮಗಿಂತ ಮೊದಲಿನಿಂದ ಇದ್ದವು ಎಂದು ಹಿರಿಯರು ಒಪ್ಪುತ್ತಿದ್ದರು, ಆದರೆ ಪಹಣಿಯಲ್ಲಿ ಅವುಗಳ ಹೆಸರು ಇರಲಿಲ್ಲ. ಒಂದು ಕಾಲಕ್ಕೆ ಗುಡ್ಡದ ತುಂಬ ಕಾರೆ, ಕವಳೆ, ಬಾರೆ, ಸೀತಾಫಲ ಇದ್ದವಂತೆ. ಅವು ಒಂದೊಂದಾಗಿ ಕೊಟ್ಟೂರಿನ ಹೋಟೆಲುಗಳ ಒಲೆ ಸೇರಿದವು. ತಿನ್ನಲು ಏನೂ ಉಳಿಯದೆ ಕರಡಿಗಳು ಇಳಿದು ಶೇಂಗಾ ಹೊಲಕ್ಕೆ ಬರತೊಡಗಿದವು. ಅವು ಬಳ್ಳಿ ಕಿತ್ತು ಕಾಯಿ ಬಿಡಿಸುತ್ತಿದ್ದ ಶ್ರದ್ಧೆಯನ್ನು ಕಂಡ ರೈತರು, ಇಂಥ ಆಳು ಕೂಲಿಗೆ ಸಿಕ್ಕರೆ ಸುಗ್ಗಿ ನಾಲ್ಕು ದಿನ ಮೊದಲೇ ಮುಗಿಯುತ್ತದೆ ಎಂದು ಮಾತಾಡಿಕೊಳ್ಳುತ್ತಿದ್ದರು.

ತಮಾಷೆ ಅಷ್ಟಕ್ಕೇ ನಿಲ್ಲಲಿಲ್ಲ. ಕೇರಿಯ ಆ ಮೊದಲ ಮನೆಯಾಕೆಯನ್ನು ಊರು ಕಟ್ಟಿಗಿ ಅವ್ವ ಎಂದು ಕರೆಯುತ್ತಿತ್ತು. ಗುಡ್ಡ ಹತ್ತಿ ಒಣ ಕಟ್ಟಿಗೆ ಆಯ್ದು, ಹೊರೆ ಕಟ್ಟಿ ತಂದು ಮಾರುವುದು ಆಕೆಯ ಬದುಕು. ಐವತ್ತು ದಾಟಿದ, ಒಬ್ಬಳೇ ಇದ್ದ ಹೆಂಗಸು. ಒಂದು ದಿನ ಗುಂಡಿನ ಮರೆಯಲ್ಲಿ ಕರಡಿ ಎದುರಾಗಿ ಎಡಗಡೆಯ ತಲೆಯ ಚರ್ಮವನ್ನು ಕಿವಿಯವರೆಗೆ ಎಳೆದುಬಿಟ್ಟಿತು. ಬಳ್ಳಾರಿಯ ದವಾಖಾನೆಯಲ್ಲಿ ಹೊಲಿಗೆ ಹಾಕಿಸಿಕೊಂಡು ಬಂದಳು. ಗಾಯ ಮಾಯುವ ಮುನ್ನವೇ ಸೆರಗು ಹೊದ್ದು ಮತ್ತೆ ಗುಡ್ಡ ಹತ್ತಿದಳು, ಏಕೆಂದರೆ ಕಟ್ಟಿಗೆ ಅಲ್ಲೇ ಇತ್ತು. ಕರಡಿಯೂ ಅಲ್ಲೇ ಇತ್ತು.

ಆ ಮಳೆಗಾಲದ ಮುಂಚೆ ಅರಣ್ಯದ ಗಾರ್ಡು ಬಂದು ಗುಡಿಯ ಕಟ್ಟೆಯ ಮೇಲೆ ಸಭೆ ಕೂಡಿಸಿದ. ಸಸಿ ಕೊಡುತ್ತೇವೆ, ಗುಡ್ಡದ ಬುಡದಲ್ಲಿ ನೆಡಿರಿ ಎಂದು ಆತನ ಮಾತು. ಕರಡಿಗೆ ಗಿಡ ನೆಡುವುದೆಂದರೆ ಕಳ್ಳನಿಗೆ ಹಾಸಿಗೆ ಹಾಸಿದಂತೆ ಎಂದು ಕೆಲವರು ನಕ್ಕರು. ಕಟ್ಟೆಯ ಕೆಳಗೆ, ದೂರದಲ್ಲಿ ನಿಂತಿದ್ದ ಕಟ್ಟಿಗಿ ಅವ್ವ ಆಗ ಒಂದೇ ಮಾತು ಹೇಳಿದಳು.

"ಅದಕ್ಕ ಮ್ಯಾಲೆ ತಿನ್ನಾಕ, ಕುಡ್ಯಾಕ ಇದ್ದಿದ್ರ ನನ್ನ ತಲಿಗ್ಯಾಕ ಬರ್ತಿತ್ರಿ? ನನ್ನ ತಲ್ಯಾಗ ಏನೈತಿ?"

ಜನ ನಕ್ಕರು, ಆದರೆ ಈ ಸಲದ ನಗೆ ಬೇರೆ. ಗಿಡ ನೆಡುವುದು ಆ ಮಾತಿನಲ್ಲೇ ತೀರ್ಮಾನವಾಯಿತು. ಅತ್ತಿ, ನೇರಳೆ, ಹುಣಸೆ, ಸೀತಾಫಲ, ಬಾರೆ, ಕಮರ, ಒಟ್ಟು ನೂರರ ಮೇಲೆ ಒಂದಿಷ್ಟು ಸಸಿ. ಜೊತೆಗೆ ಗುಡ್ಡದ ಬುಡದಲ್ಲಿ ಹಳೆಯದೊಂದು ಕಲ್ಲುಬಾನಿ ಬಿದ್ದಿತ್ತು. ಅದನ್ನು ತೊಳೆದು ನೀರು ತುಂಬಿಸಿಟ್ಟರೆ ಕೌಜುಗ, ನವಿಲು, ಮೊಲ, ಕರಡಿ ಎಲ್ಲಕ್ಕೂ ಆಯಿತು. ಊರಿನವರು ಇಡೀ ಏರ್ಪಾಟಿಗೆ ಕರಡಿಗಳ ಪ್ರಸಾದ ನಿಲಯ ಎಂದು ಹೆಸರಿಟ್ಟರು. ಗೌಡರು ಅಧ್ಯಕ್ಷರಾದರು. ಅಕ್ಷರ ಬಲ್ಲವನು, ಸಾಯಂಕಾಲ ಬೇರೆ ಕೆಲಸವಿಲ್ಲದವನು ಎಂಬ ಎರಡು ಅರ್ಹತೆಗಳ ಮೇಲೆ ನಾನು ಕಾರ್ಯದರ್ಶಿಯಾದೆ.

ನೆಡುವುದು ಒಂದು ದಿನದ ಕೆಲಸ, ನೀರು ಹಾಕುವುದು ವರ್ಷದ್ದು. ಅದಕ್ಕೆ ನಮ್ಮ ಕಡೆ ಹಳೆಯ ಪದ್ಧತಿಯೊಂದಿತ್ತು, ಪಾಳಿ ಕೋಲು. ಊರ ಕೆಲಸ ಯಾವುದೇ ಇರಲಿ, ಕೋಲು ಯಾರ ಮನೆಯಲ್ಲಿದೆಯೋ ಅಂದು ಅವರ ಪಾಳಿ. ಮುಗಿಸಿ ಮುಂದಿನ ಮನೆಯವರ ಕೈಗೆ ಕೊಟ್ಟರೆ ನಾಳೆ ಅವರದು. ಬಡಗಿಯ ಮನೆಯಿಂದ ಕಮರದ ಒಂದು ಕೋಲು ಬಂತು, ಎದೆಯೆತ್ತರ, ಕಬ್ಬಿಣದಂಥ ಭಾರ. ನಾನು ಎರಡು ಸಂಜೆ ಕೂತು ಕಾನೂನು ಬರೆದೆ.

ಅದರ ಭಾಷೆ ಇವತ್ತಿಗೂ ನನಗೆ ಬಾಯಿಪಾಠ. ಪಾಳಿ ಬಂದ ಮನೆಯವರು ಅಂದು ಹೊತ್ತು ಮುಳುಗುವುದರೊಳಗೆ ಎಂಟು ಕೊಡ ನೀರು ಹೊತ್ತು ಹಾಕತಕ್ಕದ್ದು. ಅದರಲ್ಲಿ ಆರು ಕೊಡ ಗಿಡಗಳಿಗೆ, ಗಿಡಕ್ಕೆ ಅರ್ಧ ಕೊಡದಂತೆ. ಎರಡು ಕೊಡ ಕಲ್ಲುಬಾನಿಗೆ. ಯಾವ ಗಿಡಕ್ಕೆ ನೀರು ಮುಗಿಯಿತೋ ಅದಕ್ಕೆ ಕೆಂಪು ಅರಿವೆಯ ತುಂಡನ್ನು ಕಟ್ಟತಕ್ಕದ್ದು. ಮರುದಿನದವರು ಅದನ್ನು ಬಿಚ್ಚಿ, ಅಲ್ಲಿಂದ ಮುಂದುವರಿಸಿ, ತಮ್ಮದು ಮುಗಿದಲ್ಲಿ ಕಟ್ಟತಕ್ಕದ್ದು. ಬೀಗ ಹಾಕಿದ ಮನೆ ಬಂದರೆ ಕೋಲು ಅದನ್ನು ದಾಟಿ ಹೋಗತಕ್ಕದ್ದು. ತಕರಾರುಗಳಿದ್ದಲ್ಲಿ ಕಾರ್ಯದರ್ಶಿಗೆ ತಿಳಿಸತಕ್ಕದ್ದು.

ಕಾನೂನು ಓದಿದ ಸಭೆಯಲ್ಲಿ ಒಂದೇ ಒಂದು ವಿಷಯಕ್ಕೆ ಗದ್ದಲವಾಯಿತು. ಕೋಲು ಕೇರಿಗೂ ಹೋಗಬೇಕೇ? ಹೋದರೆ ಅಲ್ಲಿಂದ ಮರಳಿ ಬರಬೇಕಲ್ಲ, ಕೈಯಿಂದ ಕೈಗೆ? ಇದನ್ನು ಕೇಳಿದವರು ಕೇಳುವಾಗ ನೆಲ ನೋಡುತ್ತಿದ್ದರು, ಅಷ್ಟು ಮಟ್ಟಿಗೆ ಕಾಲ ಬದಲಾಗಿತ್ತು. ನಾನು ಎದ್ದು ಭಾಷಣ ಮಾಡಿದೆ. ಗಿಡಕ್ಕೆ ಜಾತಿ ಇಲ್ಲ, ನೀರಿಗೆ ಜಾತಿ ಇಲ್ಲ, ಕರಡಿಗಂತೂ ಇಲ್ಲವೇ ಇಲ್ಲ ಎಂದೆ. ಚಪ್ಪಾಳೆ ಬಿತ್ತು. ಚಪ್ಪಾಳೆಯ ಬಿಸಿ ಆರುವ ಮುನ್ನ ಗೌಡರು ನನ್ನ ಕಿವಿಯಲ್ಲಿ ಒಂದು ಮಾತು ಹೇಳಿದರು, ನಾನು ಅದನ್ನು ಕಾನೂನಿಗೆ ಸೇರಿಸಿದೆ: ಕೋಲನ್ನು ಯಾರೂ ಯಾರ ಕೈಗೂ ಕೊಡಕೂಡದು, ಮುಂದಿನ ಮನೆಯ ಗೋಡೆಗೆ ಒರಗಿಸಿ ಬರತಕ್ಕದ್ದು. ಎಲ್ಲರಿಗೂ ಒಂದೇ ನಿಯಮ, ಯಾರಿಗೂ ನೋವಿಲ್ಲ. ಆ ಸಂಜೆ ನನ್ನ ಚಾತುರ್ಯಕ್ಕೆ ನಾನೇ ಬೆರಗಾದೆ.

ಹೀಗೆ ನನ್ನ ಭಾಷಣದ ಫಲವಾಗಿ ಕೇರಿಯವರಿಗೆ ನೀರು ಹೊರುವ ಸಮಾನ ಹಕ್ಕು ದೊರೆಯಿತು. ನೀರು ಸೇದುವ ಹಕ್ಕಿನ ಬಗ್ಗೆ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಬೀದಿಯಲ್ಲಿ ಮೂರು ಬಾವಿ ಇದ್ದವು, ಅದರಲ್ಲಿ ಒಂದು ನನ್ನ ಬಾಡಿಗೆ ಮನೆಯ ಹಿತ್ತಲಿನಲ್ಲಿ. ಕೇರಿಗೆ ಇದ್ದದ್ದು ಒಂದು ಬೋರಿಂಗು. ಕೇರಿಯವರು ನಮ್ಮ ಬಾವಿಗಳಿಗೆ ಬರುವಂತಿರಲಿಲ್ಲ. ಹಾಗೆಂದು ಯಾವ ಠರಾವಿನಲ್ಲೂ ಬರೆದಿರಲಿಲ್ಲ, ಬರೆಯುವ ಅಗತ್ಯವೂ ಬಿದ್ದಿರಲಿಲ್ಲ.

ಮಳೆಗಾಲದಲ್ಲಿ ಕೋಲು ವೈಭವದಿಂದ ತಿರುಗಿತು. ಮಳೆ ತಾನೇ ನೀರು ಹಾಕುತ್ತಿದ್ದುದರಿಂದ ಸೇವೆಗೆ ಜನರ ಉತ್ಸಾಹ ಹೇಳತೀರದು. ಕೆಲವರು ಕೋಲಿಗೆ ಅರಿಶಿನ ಕುಂಕುಮ ಹಚ್ಚಿದರು. ನಲವತ್ತು ಮನೆ, ನಲವತ್ತು ದಿನ, ಗಡಿಯಾರ ತಪ್ಪಿದರೂ ಕೋಲು ತಪ್ಪಲಿಲ್ಲ. ದೀಪಾವಳಿಯ ಹೊತ್ತಿಗೆ ನನ್ನ ಪಾಳಿ ಬಂದಾಗ ನಾನು ಹೆಂಡತಿಯೊಂದಿಗೆ ಎಂಟಲ್ಲ, ಒಂಬತ್ತು ಕೊಡ ಹೊತ್ತೆ. ಒಂಬತ್ತನೆಯದು ಮಾದರಿಗಾಗಿ.

ಶಿವರಾತ್ರಿ ಕಳೆದ ಮೇಲೆ ಬಿಸಿಲು ಬಲಿಯಿತು. ಕೇರಿಯ ನಾಲ್ಕು ಮನೆಯವರು ಬಾಗಿಲಿಗೆ ಬೀಗ ಹಾಕಿ, ಸುಗ್ಗಿ ಕೆಲಸಕ್ಕೆ ಸಿರುಗುಪ್ಪದ ಕಡೆ, ಕಾಲುವೆಯ ಭತ್ತದ ಸೀಮೆಗೆ ಹೋದರು. ಕೇರಿಯಲ್ಲಿ ತೆರೆದಿದ್ದ ಬಾಗಿಲು ಕಟ್ಟಿಗಿ ಅವ್ವನದು ಒಂದೇ. ಬೋರಿಂಗಿನ ಹಿಡಿ ಮುರಿಯಿತು, ರಿಪೇರಿಯವರು ಬರುತ್ತಾರೆ ಎಂಬ ಸುದ್ದಿ ಮಾತ್ರ ತಿಂಗಳುಗಟ್ಟಲೆ ಬರುತ್ತಿತ್ತು. ಆಕೆ ಹಳ್ಳದ ಉಸುಕಿನಲ್ಲಿ ಒರತೆ ತೋಡಿ, ಬಟ್ಟಲಿನಿಂದ ಮೊಗೆಮೊಗೆದು ಕೊಡ ತುಂಬಿಸಿಕೊಳ್ಳುತ್ತಿದ್ದಳು. ನಮ್ಮ ಹಿತ್ತಲಿನ ಬಾವಿಯಲ್ಲಿ ನೀರು ಇಳಿದಿತ್ತು, ಆದರೆ ಇತ್ತು.

ಅಂಥ ಒಂದು ದಿನ ಕೋಲು ನನ್ನ ಗೋಡೆಗೆ ಬಂದು ಒರಗಿತು. ಭಾನುವಾರ. ಪರೀಕ್ಷೆಯ ಉತ್ತರ ಪತ್ರಿಕೆಗಳ ಕಟ್ಟು ಮೇಜಿನ ಮೇಲಿತ್ತು. ಅದು ಇಲ್ಲದಿದ್ದರೆ ನಾನು ಇನ್ನೊಂದು ಕಾರಣ ಹುಡುಕುತ್ತಿದ್ದೆ ಎಂಬುದು ಈಗ ಗೊತ್ತು. ಹೆಂಡತಿಗೆ ಎರಡು ದಿನದಿಂದ ಸೊಂಟ ನೋವು. ಗುಡ್ಡದ ಬುಡಕ್ಕೆ ಅರ್ಧ ಮೈಲಿ, ಎಂಟು ಸಲ ಹೋಗಿ ಎಂಟು ಸಲ ಬರಬೇಕು. ನಾನು ಗಣಿತದ ಮೇಷ್ಟ್ರು. ಮೈಲಿಗಳನ್ನು ಕೂಡಿಸಿ ನೋಡಿದೆ. ಆಮೇಲೆ ಗಿಡಗಳನ್ನು ನೆನೆದೆ. ಒಂದು ದಿನ ನೀರು ತಪ್ಪಿದರೆ ಗಿಡ ಸಾಯುವುದಿಲ್ಲ, ನಾಳೆಯವರು ಹಾಕುತ್ತಾರೆ ಎಂಬ ವೈಜ್ಞಾನಿಕ ನಿರ್ಣಯಕ್ಕೆ ಬಂದೆ.

ಮಟಮಟ ಮಧ್ಯಾಹ್ನ ಬೀದಿಯೆಲ್ಲ ಮಲಗಿದ್ದಾಗ ಕೋಲು ಎತ್ತಿಕೊಂಡೆ. ಹೆಂಡತಿ ಒಳಗಿನಿಂದಲೇ ನೋಡಿದಳು.

"ಕೋಲು ನೀರು ಕುಡಿತೈತೇನ್ರಿ? ಕೊಡಾ ಬಿಟ್ಟು ಬರೇ ಕೋಲು ಹಿಡ್ಕೊಂಡು ಹೊಂಟೀರಿ."

ಹನ್ನೆರಡು ಹೆಜ್ಜೆ ನಡೆದು ಕಟ್ಟಿಗಿ ಅವ್ವನ ಗೋಡೆಗೆ ಒರಗಿಸಿದೆ. ಆಕೆ ಗುಡ್ಡಕ್ಕೆ ಹೋಗಿದ್ದಳು, ಬಾಗಿಲ ತಡಿಕೆ ಮುಚ್ಚಿತ್ತು. ಮರಳಿ ಬಂದು ಉತ್ತರ ಪತ್ರಿಕೆ ತೆಗೆದರೆ ಮೊದಲನೆಯದರಲ್ಲೇ ಒಬ್ಬ ಹುಡುಗ ನಕಲು ಮಾಡಿದ್ದ. ಅವನಿಗೆ ಸೊನ್ನೆ ಕೊಟ್ಟೆ. ಬಹಳ ಕಟ್ಟುನಿಟ್ಟಿನ ಮೇಷ್ಟ್ರು ನಾನು.

ಆ ಸಂಜೆ ಕಿಟಕಿಯಿಂದ ನೋಡಿದೆ. ಆಕೆ ಹೊರೆ ಇಳಿಸಿ, ಕೋಲು ನೋಡಿ, ಕೊಡ ಎತ್ತಿಕೊಂಡು ಹಳ್ಳದ ಕಡೆ ಹೋದಳು. ಅಂದು ಎಂಟು ಸಲ ಹೋಗಿ ಬಂದಳೋ ಇಲ್ಲವೋ ನಾನು ಲೆಕ್ಕ ಹಾಕಲಿಲ್ಲ. ನಾಲ್ಕನೆಯ ಸಲಕ್ಕೇ ಕಿಟಕಿ ಮುಚ್ಚಿದೆ.

ಮುಂದೆ ನಡೆದದ್ದು ಖಗೋಳದ ವಿಚಿತ್ರ. ಬೀಗದ ನಾಲ್ಕು ಮನೆ ಬಿಟ್ಟರೂ ಮೂವತ್ತಾರು ದಿನಕ್ಕೆ ಬರಬೇಕಾದ ಕೋಲು ಇಪ್ಪತ್ತು ದಿನಕ್ಕೇ ನನ್ನ ಗೋಡೆಗೆ ಬಂತು. ಆಮೇಲೆ ಹನ್ನೊಂದು ದಿನಕ್ಕೆ, ಆರು ದಿನಕ್ಕೆ, ಕೊನೆಗೆ ಮೂರು ದಿನಕ್ಕೊಮ್ಮೆ. ಭೂಮಿ ಸೂರ್ಯನ ಸುತ್ತ ಹೀಗೆ ವೇಗ ಹೆಚ್ಚಿಸಿಕೊಂಡಿದ್ದರೆ ಪಂಚಾಂಗದವರು ಊರು ಬಿಡುತ್ತಿದ್ದರು. ಅರ್ಥ ಸ್ಪಷ್ಟವಾಗಿತ್ತು: ನನ್ನ ವೈಜ್ಞಾನಿಕ ನಿರ್ಣಯಕ್ಕೆ ಮೂವತ್ತೈದು ಮನೆಯವರೂ ಸ್ವತಂತ್ರವಾಗಿ ಬಂದಿದ್ದರು. ಬೇಡದ ನೆಂಟರನ್ನು ಊಟಕ್ಕೆ ಮುಂಚೆ ಮುಂದಿನ ಮನೆಗೆ ಸಾಗಹಾಕುವಂತೆ ಕೋಲನ್ನು ಸಾಗಹಾಕುತ್ತಿದ್ದರು. ಕೈಗೆ ಕೊಡಬೇಕಾಗಿದ್ದರೆ ಮುಖ ನೋಡಬೇಕಾಗುತ್ತಿತ್ತು. 'ನೀರು ಹಾಕಿದ್ರೇನ್ರಿ' ಎಂದು ಒಬ್ಬರಾದರೂ ಕೇಳುತ್ತಿದ್ದರು. ಗೋಡೆ ಏನೂ ಕೇಳುವುದಿಲ್ಲ. ಒಬ್ಬಾಕೆಯ ಕೈ ತಾಗಬಾರದೆಂದು ನಾನು ಬರೆದ ನಿಯಮದ ಆಸರೆಯಲ್ಲಿ ಇಡೀ ಊರು ಬೇಸಿಗೆಯನ್ನು ನೆಮ್ಮದಿಯಾಗಿ ಕಳೆಯಿತು.

ಕಾರ್ಯದರ್ಶಿಯಾಗಿ ನಾನು ವಿಚಾರಣೆ ಮಾಡಬಹುದಿತ್ತು. ಮಾಡಿದರೆ ಮೊದಲ ಸಾಕ್ಷಿಯಾಗಿ ನನ್ನನ್ನೇ ಕರೆಯಬೇಕಾಗುತ್ತಿತ್ತು. ಸುಮ್ಮನಾದೆ. ಮೂರು ದಿನಕ್ಕೊಮ್ಮೆ ಮಧ್ಯಾಹ್ನ ಎದ್ದು ಹನ್ನೆರಡು ಹೆಜ್ಜೆ ನಡೆದೆ. ಮೂರು ದಿನಕ್ಕೊಮ್ಮೆ ಆಕೆ ಹೊರೆ ಇಳಿಸಿ, ಕೋಲು ನೋಡಿ, ಕೊಡ ಎತ್ತಿಕೊಂಡಳು; ಮುಗಿಸಿ ಕೋಲನ್ನು ಬೀದಿಯ ಆ ತುದಿಗೆ ಒಯ್ದು ಗೌಡರ ಗೋಡೆಗೆ ಒರಗಿಸಿ ಬಂದಳು. ಒಂದು ದಿನವಾದರೂ ನನ್ನ ಬಾಗಿಲ ಮುಂದೆ ನಿಂತು, ಇದೇನು ಇಷ್ಟು ಬೇಗ ಬಂತು ಎಂದು ಕೇಳಲಿಲ್ಲ. ಆಕೆಗೆ ಲೆಕ್ಕ ಬರುವುದಿಲ್ಲ ಎಂದುಕೊಂಡೆ. ಮೇಷ್ಟರಿಗೆ ಹಾಗೆ ಅನ್ನಿಸುವುದು ಸಹಜ.

ಮಿರುಗದ ಮಳೆಗೆ, ಅಂದರೆ ಮುಂಗಾರಿಗೆ, ಎಂಟು ದಿನ ಇದ್ದಾಗ ಗಾರ್ಡು ಓಡಿ ಬಂದ. ಮರುದಿನ ದೊಡ್ಡ ಸಾಹೇಬರು ನೆಡುತೋಪು ನೋಡಲು ಬರುತ್ತಾರೆ. ಗೌಡರ ಮುಖ ಬಾಡಿತು. ಆ ಬೇಸಿಗೆಯಲ್ಲಿ ಬೀದಿಯವರೊಬ್ಬರೂ ಗುಡ್ಡದ ಬುಡಕ್ಕೆ ಹೋಗಿರಲಿಲ್ಲ. ಅಲ್ಲಿ ನೂರು ಒಣ ಕಡ್ಡಿಗಳು ನಿಂತಿವೆ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ನಾನು ಕೂತು ಕಾರಣಗಳನ್ನು ತಯಾರಿಸಿದೆ. ಗೆದ್ದಲು, ಕುರಿ ಮಂದೆ, ಬಿಸಿಗಾಳಿ. ಮೂರನ್ನೂ ಸೇರಿಸಿ ಒಂದು ಮನವಿಯನ್ನೇ ಬರೆದು ಜೇಬಿನಲ್ಲಿಟ್ಟುಕೊಂಡೆ.

ಮುಂಜಾನೆ ಜೀಪು ಬಂತು. ಸಾಹೇಬರ ಹಿಂದೆ ನಾನು, ಗೌಡರು, ಗಾರ್ಡು, ಊರಿನ ಹತ್ತು ಹನ್ನೆರಡು ಗಂಡಸರು ಶವಯಾತ್ರೆಯ ಗಾಂಭೀರ್ಯದಿಂದ ನಡೆದೆವು. ತಿರುವು ದಾಟಿದೊಡನೆ ಗೌಡರು ನಿಂತುಬಿಟ್ಟರು. ಗುಡ್ಡದ ಬುಡ ಹಸಿರಾಗಿತ್ತು. ಎಲ್ಲವೂ ಬದುಕಿರಲಿಲ್ಲ, ಸೀತಾಫಲದ ಒಂದು ಸಾಲು ಪೂರ್ತಿ ಹೋಗಿತ್ತು. ಆದರೆ ಅತ್ತಿ ಮೊಳಕಾಲೆತ್ತರ ಬಂದಿತ್ತು, ಹುಣಸೆ ಚಿಗುರಿತ್ತು. ಪ್ರತಿ ಗಿಡದ ಬುಡಕ್ಕೂ ಬಿಸಿಲು ತಾಗದಂತೆ ಒಣ ಸೊಪ್ಪು ಮುಚ್ಚಿತ್ತು, ಅದು ನನ್ನ ಕಾನೂನಿನಲ್ಲಿ ಇರಲಿಲ್ಲ. ಬಾನಿಯಲ್ಲಿ ನೀರಿತ್ತು. ಅದರ ಸುತ್ತ ಹಸಿ ಮಣ್ಣಿನಲ್ಲಿ ಮನುಷ್ಯರದೇ ಎನ್ನಿಸುವಂಥ, ಆದರೆ ಉಗುರುಳ್ಳ ಹೆಜ್ಜೆಗಳು.

"ಕರಡಿ ಸಾರ್," ಎಂದ ಗಾರ್ಡು, ತನ್ನ ಮಗಳ ಮದುವೆ ನಿಶ್ಚಯವಾದಷ್ಟು ಸಂತೋಷದಿಂದ.

ಗೌಡರು ನನ್ನ ಮೊಣಕೈ ಹಿಡಿದು ಪಿಸುಗುಟ್ಟಿದರು. "ಮೇಷ್ಟ್ರ, ಯಾರೋ ಹಾಕ್ಯಾರಲ್ರಿ." ಗಂಡಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು. ತಾನೊಬ್ಬನೇ ತಪ್ಪಿಸಿದ್ದು, ಉಳಿದವರು ಹಾಕಿದ್ದಾರೆ ಎಂದು ಆ ಗಳಿಗೆಯಲ್ಲಿ ಪ್ರತಿಯೊಬ್ಬರೂ ನಂಬಿರಬೇಕು. ನನಗೆ ಮಾತ್ರ ಆ ಸೌಕರ್ಯವೂ ಇರಲಿಲ್ಲ. ನನ್ನ ಕಿಟಕಿ ಓಣಿಗೆ ತೆರೆದಿತ್ತು.

ಅಷ್ಟರಲ್ಲಿ ಹಳ್ಳದ ಕಡೆಯಿಂದ ಕಟ್ಟಿಗಿ ಅವ್ವ ತಲೆಯ ಮೇಲೆ ಕೊಡ ಹೊತ್ತು ಬಂದಳು. ಜನರನ್ನು ಕಂಡು ದೂರಕ್ಕೆ ನಿಂತಳು. ಸಾಹೇಬರು ಇವರು ಯಾರು ಎಂದು ನನ್ನನ್ನು ಕೇಳಿದರು. ಕೇಳಿದ್ದು ನನ್ನನ್ನೇ. ಉತ್ತರ ನನ್ನ ನಾಲಿಗೆಯ ಮೇಲೆ ಇತ್ತು. 'ಈ ಗಿಡ ಉಳಿಸಿದವರು ಇವರು ಸಾರ್' ಎಂದರೆ ಮುಗಿಯುತ್ತಿತ್ತು. ಐದೇ ಶಬ್ದ.

"ಪಾಳಿಯವರು ಸಾರ್. ಇವತ್ತು ಅವರ ಪಾಳಿ," ಎಂದೆ.

ಸುಳ್ಳಲ್ಲ. ಅದಕ್ಕಿಂತ ಹೆಚ್ಚು ನಾಚಿಕೆಗೇಡಿನ ನಿಜವನ್ನು ನಾನು ಮತ್ತೆಂದೂ ಹೇಳಿಲ್ಲ. ಆಕೆ ನನ್ನ ಕಡೆ ನೋಡಿದಳು. ಸಿಟ್ಟಿನಿಂದಲ್ಲ, ದಡ್ಡ ಹುಡುಗ ಹಲಗೆ ತೋರಿಸಿದಾಗ ನಾವು ನೋಡುತ್ತೇವಲ್ಲ, ಹಾಗೆ. ಆಮೇಲೆ ಸಾಹೇಬರಿಗೆ ಹೇಳಿದಳು.

"ಹೌದ್ರಿ. ನಂದ ಪಾಳಿ."

ಒಂದು ಗಿಡದ ಹತ್ತಿರ ಹೋಗಿ ಕೊಡ ಇಳಿಸಿ, ಕೆಂಪು ಅರಿವೆಯ ಗಂಟು ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಮುಂದಿನ ಗಿಡಕ್ಕೆ ನೀರು ಹಾಕತೊಡಗಿದಳು. ಸಾಹೇಬರು ಪಾಳಿ ಪದ್ಧತಿಯನ್ನು ಬಹಳ ಮೆಚ್ಚಿದರು. ಜೇಬಿನಲ್ಲಿದ್ದ ಗೆದ್ದಲು ಮತ್ತು ಬಿಸಿಗಾಳಿಯನ್ನು ನಾನು ಮೆಲ್ಲಗೆ ಹರಿದು ಗುಂಡಿನ ಸಂದಿಗೆ ತುರುಕಿದೆ.

ಮುಂದಿನ ತಿಂಗಳು ಕೂಡ್ಲಿಗಿಯಲ್ಲಿ ವನಮಹೋತ್ಸವದ ಸಭೆ. ನಮ್ಮ ಊರನ್ನು ಮಾದರಿ ಎಂದು ಕರೆದು, ವೇದಿಕೆಯ ಮೇಲೆ ಗೌಡರಿಗೊಂದು, ನನಗೊಂದು ಶಾಲು ಹೊದಿಸಿದರು. ಕೋಲನ್ನೂ ತರಿಸಿ ಮೇಜಿಗೆ ಒರಗಿಸಿದ್ದರು. ನಾನು ಶ್ರಮದಾನದ ಬಗ್ಗೆ ಕಾಲು ಗಂಟೆ ಮಾತಾಡಿದೆ. ನಮ್ಮ ಊರಿನ ಪ್ರತಿಯೊಂದು ಮನೆಯೂ ಎಂಬ ಮಾತು ಮೂರು ಸಲ ಬಂತು. ಕಟ್ಟಿಗಿ ಅವ್ವನಿಗೆ ಯಾರೂ ಹೇಳಿ ಕಳಿಸಿರಲಿಲ್ಲ. ಹೇಳಿ ಕಳಿಸಬೇಕಾದವನು ಕಾರ್ಯದರ್ಶಿ.

ಮರಳಿ ಬಂದ ಮೇಲೆ ಶಾಲು ಮನೆಯಲ್ಲಿ ಎಲ್ಲಿಟ್ಟರೂ ಕಣ್ಣಿಗೆ ಬೀಳುತ್ತಿತ್ತು. ಹೆಂಡತಿ ಅದನ್ನು ಮುಟ್ಟಲಿಲ್ಲ. ನಾಲ್ಕನೆಯ ದಿನ ಅದನ್ನು ಚೀಲದಲ್ಲಿ ಹಾಕಿಕೊಂಡು ಓಣಿ ದಾಟಿದೆ. ಆಕೆ ಅಂಗಳದಲ್ಲಿ ಕೂತು ಹೊರೆ ಬಿಗಿಯುತ್ತಿದ್ದಳು. ನಾನು ನಿಂತೇ ಇದ್ದೆ. ಕೂಡ್ರಿ ಎಂದು ಆಕೆ ಹೇಳಲಿಲ್ಲ. ಹೇಳಿದ್ದರೆ ನಾನು ಕೂಡುತ್ತಿದ್ದೆನೇ ಎಂಬುದು ಇಬ್ಬರಿಗೂ ಗೊತ್ತಿರಲಿಲ್ಲ.

"ಅವ್ವಾ, ಬ್ಯಾಸಗ್ಯಾಗ ನಾ ಒಂದೆರಡು ಪಾಳಿ ತಪ್ಪಿಸಿದೆ," ಎಂದೆ.

"ಹದಿನಾಕ್ರಿ," ಎಂದಳು, ಹಗ್ಗದಿಂದ ಕಣ್ಣು ತೆಗೆಯದೆ.

ಹೇಗೆ ಗೊತ್ತಾಯಿತು ಎಂದು ಕೇಳಿದೆ. ಗಣಿತದ ಮೇಷ್ಟ್ರು ಕೇಳಿದ ಪ್ರಶ್ನೆ.

"ಅರಿವಿ ಕಟ್ಟಿದ ಗಿಡಕ್ಕ ಇರ್ತಿತ್ತಲ್ರಿ. ನಾ ಕಟ್ಟಿದ್ದು, ನನ್ನ ಗಂಟು. ಊರೆಲ್ಲಾ ತಿರಿಗಿ ಕೋಲು ಬರೋದು, ಅರಿವಿ ಅಲ್ಲೇ ಕುಂತಿರೋದು."

ಮೊದಲಿನಿಂದಲೂ ಆಕೆಗೆ ಗೊತ್ತಿತ್ತು. ಮತ್ತೆ ಯಾಕೆ ಹೇಳಲಿಲ್ಲ ಎಂದೆ.

"ಯಾರಿಗೆ ಹೇಳಲ್ರಿ? ತಕರಾರು ಇದ್ರ ಕಾರ್ಯದರ್ಶಿಗೆ ಹೇಳ್ರಿ ಅಂತ ನೀವ ಓದಿದ್ರಿ."

ನಾನು ಚೀಲವನ್ನು ಹಿಂದಕ್ಕೆ ಹಿಡಿದುಕೊಂಡೆ. ಆಕೆ ಹೊರೆಯ ಗಂಟು ಬಿಗಿದು, ಸ್ವಲ್ಪ ನಕ್ಕು, ಕರಡಿಯ ಸುದ್ದಿ ಹೇಳಿದಳು. ಅದು ಕತ್ತಲಾದ ಮೇಲೆ ಬಾನಿಗೆ ಬರುತ್ತದೆ, ತಾನು ಬೆಳಕಿರುವಾಗ. ಬೇಸಿಗೆಯುದ್ದಕ್ಕೂ ಮೇಲೆ ಒಂದು ಸಲವೂ ಎದುರಾಗಿಲ್ಲ. "ನಾನೂ ಅದೂ ಪಾಳಿ ಹಚ್ಚೀವ್ರಿ. ಅದು ಇನ್ನಾ ಒಂದ್ಸಲಾನೂ ತಪ್ಪಿಸಿಲ್ಲ."

ಆಮೇಲೆ ಹೊರೆ ಬಿಟ್ಟು ನನ್ನತ್ತ ತಿರುಗಿ ಒಂದು ಮಾತು ಕೇಳಿದಳು. ಅಷ್ಟು ವರ್ಷದಲ್ಲಿ ನನ್ನನ್ನು ಕೇಳಿದ್ದು ಅದೊಂದೇ.

"ಮೇಷ್ಟ್ರ, ಹಳ್ಳದ ಒರತಿ ಮುಂದಿನ ಬ್ಯಾಸಗಿಗೆ ನಿಲ್ಲಂಗಿಲ್ಲ. ಗಿಡಾ ಇನ್ನೊಂದು ಬ್ಯಾಸಗಿ ದಾಟಿದ್ರ ತಮ್ಮಷ್ಟಕ್ಕ ತಾವು ಬದಕ್ತಾವು. ನಿಮ್ಮ ಬಾವ್ಯಾಗ ನೀರೈತಿ. ನಾ ಬಾವಿಗೆ ಬರೋದು ಬ್ಯಾಡ್ರಿ. ನೀವ ಸೇದಿ ಓಣ್ಯಾಗಿಟ್ರ ಸಾಕು, ನಾ ಹೊರ್ತೀನಿ."

ನಾನು ಏನೆಂದೆ? ಕಮಿಟಿಯ ಮುಂದೆ ಇಡುತ್ತೇನೆ ಎಂದೆ. ಮನೆ ಬಾಡಿಗೆಯದು, ಬಾವಿ ಗೌಡರ ತಮ್ಮನದು, ನಾನೊಬ್ಬನೇ ತೀರ್ಮಾನ ಮಾಡುವುದು ಸಭ್ಯತೆಯಲ್ಲ ಎಂದೆಲ್ಲ ವಿವರಿಸಿದೆ. ಎಲ್ಲವೂ ನಿಜ. ಮನೆಯೂ ನನ್ನದಲ್ಲ, ಬಾವಿಯೂ ನನ್ನದಲ್ಲ, ನಾಚಿಕೆಯೊಂದು ಸ್ವಂತದ್ದು. ಆಕೆ ಆಗಲಿ ಎಂದು ಮತ್ತೆ ಹೊರೆಯ ಕಡೆ ತಿರುಗಿದಳು. ಶಾಲು ಚೀಲದಲ್ಲೇ ಮರಳಿ ಬಂತು.

ಮುಂದಿನ ಸಭೆಯ ವಿಷಯಪಟ್ಟಿಯಲ್ಲಿ ಅದನ್ನು ಕೊನೆಗೆ ಹಾಕಿದೆ, 'ಇತರ ವಿಷಯಗಳು' ಎಂಬಲ್ಲಿ. ಕೊನೆಯ ವಿಷಯ ಬರುವಷ್ಟರಲ್ಲಿ ಮಂಡಕ್ಕಿ ಮುಗಿದು ಜನ ಎದ್ದಿದ್ದರು. ಅದರ ಮುಂದಿನ ಸಭೆಯಲ್ಲೂ ಹಾಗೆಯೇ ಆಯಿತು. ಮಂಡಕ್ಕಿ ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂಬ ಅಂದಾಜು ನನಗೆ ಇಲ್ಲದಿರಲಿಲ್ಲ.

ಎರಡನೆಯ ಬೇಸಿಗೆ ಬಂತು. ಒರತೆ ಆಕೆ ಹೇಳಿದಂತೆ ಬತ್ತಿತು. ಕೋಲು ಮತ್ತೆ ವೇಗ ಹಿಡಿಯಿತು. ಒಂದು ಮಧ್ಯಾಹ್ನ ಶಾಲೆಯಿಂದ ಬೇಗ ಬಂದಾಗ ಹಿತ್ತಲಿನಲ್ಲಿ ರಾಟೆಯ ಸದ್ದು ಕೇಳಿತು. ಹೆಂಡತಿ ಸೇದುತ್ತಿದ್ದಳು. ತುಂಬಿದ ಕೊಡಗಳನ್ನು ಹಿತ್ತಲ ಗೋಡೆಯ ಆಚೆ, ಓಣಿಯ ಅಂಚಿಗೆ ಇಡುತ್ತಿದ್ದಳು. ಸೊಂಟ ನೋವಿನವಳು. ನನ್ನನ್ನು ಕಂಡೂ ಕೈ ನಿಲ್ಲಿಸಲಿಲ್ಲ. ನಾನು ಹೋಗಿ ಹಗ್ಗ ಹಿಡಿಯಬಹುದಿತ್ತು. ಚಪ್ಪಲಿ ಸದ್ದಾಗದಂತೆ ಹಿಂದಿರುಗಿ ಶಾಲೆಗೇ ಹೋದೆ. ಯಾರಾದರೂ ಕೇಳಿದರೆ ನನಗೆ ಗೊತ್ತಿಲ್ಲ ಎಂದು ಹೇಳಲು ಎಷ್ಟು ಬೇಕೋ ಅಷ್ಟನ್ನು ಮಾತ್ರ ತಿಳಿದುಕೊಂಡೆ. ಆ ಬೇಸಿಗೆಯುದ್ದಕ್ಕೂ ಸಂಜೆ ಐದೂವರೆಗೆ ಮುಂಚೆ ನಾನು ಮನೆಗೆ ಬರಲಿಲ್ಲ. ನನ್ನ ಕರ್ತವ್ಯನಿಷ್ಠೆಯನ್ನು ಇನ್‌ಸ್ಪೆಕ್ಟರು ಮೆಚ್ಚಿ ಬರೆದರು.

ಮಳೆಗೆ ಮುಂಚೆ ಹಡಗಲಿ ತಾಲ್ಲೂಕಿನ ಇಟ್ಟಿಗಿಗೆ ವರ್ಗವಾಯಿತು. ಸಾಮಾನು ಗಾಡಿಗೆ ಹೇರಿದ ದಿನ ಹೊರಗೆ ಬಂದು ನೋಡಿದರೆ ಕೋಲು ನನ್ನ ಗೋಡೆಗೆ ಒರಗಿತ್ತು. ಹಿಂದಿನ ಮನೆಯವರು ಮುಂಜಾನೆಯೇ ತಂದು ಒರಗಿಸಿ ಹೋಗಿದ್ದರು. ಬೀಳ್ಕೊಡುಗೆ. ಕೊಡಗಳೆಲ್ಲ ಗಾಡಿಯ ತಳದಲ್ಲಿ, ಅಡುಗೆ ಪಾತ್ರೆಯ ಕೆಳಗೆ ಇದ್ದವು. ಬಸ್ಸಿಗೆ ಹೊತ್ತಾಗಿ ಹೆಂಡತಿ ಗಾಡಿ ಹತ್ತಿದ್ದಳು. ನಾನು ಕೋಲು ಎತ್ತಿಕೊಂಡು ನಿಂತೆ.

ಕಟ್ಟಿಗಿ ಅವ್ವ ಓಣಿ ದಾಟಿ ನಮ್ಮನ್ನು ಕಳಿಸಲು ಬಂದಿದ್ದಳು. ಗಾಡಿಯ ಹತ್ತಿರ ಹೋಗಿ ಹೆಂಡತಿಯೊಂದಿಗೆ ಏನೋ ಮಾತಾಡಿದಳು. ಇಬ್ಬರೂ ನಕ್ಕರು. ಅತ್ತಿ ತಲೆಯೆತ್ತರ ಆಗಿದೆ, ಇನ್ನು ಭಯವಿಲ್ಲ ಎಂದು ಆಕೆ ಹೇಳಿದ್ದು ಮಾತ್ರ ನನಗೆ ಕೇಳಿಸಿತು. ಆಮೇಲೆ ನನ್ನ ಮುಂದೆ ಬಂದು, ನನ್ನ ಅವಸ್ಥೆ ನೋಡಿ, ಕೈ ಮುಂದೆ ಚಾಚಿದಳು. ಅಂಗೈ ಮೇಲಾಗಿತ್ತು. ಹಗ್ಗದ ಬರೆ ಬಿದ್ದ ಅಂಗೈ.

"ಕೊಡ್ರಿ ಇತ್ತಾಗ. ಬಸ್ಸಿಗೆ ಹೊತ್ತಾತು."

ಕೊಡಬೇಕು ಎಂದೇ ಇದ್ದೆ. ದೇವರಾಣೆಗೂ ಹಾಗೆಯೇ ಅಂದುಕೊಂಡಿದ್ದೆ. ಎರಡು ವರ್ಷದಲ್ಲಿ ಸರಿಯಾದದ್ದನ್ನು ಮಾಡಲು ಇಷ್ಟು ಸುಲಭದ ಅವಕಾಶ ನನಗೆ ಒದಗಿರಲಿಲ್ಲ. ಒಂದು ಹೆಜ್ಜೆ, ಒಂದು ಕೈ. ಆದರೆ ಕೈಗೆ ಅದರದೇ ಬುದ್ಧಿ ಇರುತ್ತದೆ. ಆಕೆಯ ಚಾಚಿದ ಕೈಯನ್ನು ನೋಡುತ್ತಿದ್ದಂತೆಯೇ ನನ್ನ ಕೈ ಪಕ್ಕಕ್ಕೆ ಹೊರಳಿ, ಕೋಲನ್ನು ಗೋಡೆಗೆ ಒರಗಿಸಿತು.

ಒರಗಿದ ಸದ್ದು ಸಣ್ಣದು. ಹೆಂಡತಿ ಗಾಡಿಯಲ್ಲಿ ಮುಖ ತಿರುಗಿಸಿಕೊಂಡಳು.

ಕಟ್ಟಿಗಿ ಅವ್ವ ಗಳಿಗೆ ಹೊತ್ತು ಹಾಗೆಯೇ ಕೈ ಚಾಚಿ ನಿಂತಿದ್ದಳು. ಆಮೇಲೆ ಅದೇ ಕೈಯಿಂದ ಸೆರಗು ಸರಿಪಡಿಸಿಕೊಂಡು, ಗೋಡೆಯ ಹತ್ತಿರ ಹೋಗಿ ಕೋಲು ತೆಗೆದುಕೊಂಡಳು.

"ಕಾನೂನು ಅಂದ್ರ ಕಾನೂನು, ಅಲ್ರಿ ಮೇಷ್ಟ್ರ," ಎಂದಳು.

ಗಾಡಿ ಹೊರಟಿತು. ದಾರಿಯ ತಿರುವಿನಲ್ಲಿ ಹಿಂದಿರುಗಿ ನೋಡಿದೆ. ಆಕೆ ಕೋಲನ್ನು ತನ್ನ ಗೋಡೆಗೆ ಒರಗಿಸಿ, ಕೊಡ ಎತ್ತಿಕೊಂಡು, ನಾವು ಈಗಷ್ಟೇ ಬಿಟ್ಟುಬಂದ ಹಿತ್ತಲಿನ ಕಡೆ ಹೋಗುತ್ತಿದ್ದಳು. ಮನೆಗೆ ಇನ್ನೂ ಹೊಸಬರು ಬಂದಿರಲಿಲ್ಲ, ಬಾವಿಯ ರಾಟೆಗೆ ಹಗ್ಗವನ್ನು ಹೆಂಡತಿ ಹಾಗೆಯೇ ಬಿಟ್ಟಿದ್ದಳು. ಹಗ್ಗ ಮರೆತು ಬಂದೆಯಲ್ಲ ಎಂದೆ. ಮರೆತಿಲ್ಲ ಎಂದಳು.

ಅಂದಿನ ಪಾಳಿ ನನ್ನದಾಗಿತ್ತು. ಹದಿನಾಲ್ಕರ ಲೆಕ್ಕದಲ್ಲಿ ಅದು ಸೇರಿಲ್ಲ.